ಆಪರೇಷನ್ನಿನ ನಂತರದ ದಿನಗಳಿಗೆ ಜಾಮೀನು ಯಾರು?

ಕಾಫಿ ಸೀಮೆಯ ಲೈನ್‌ಮನೆಗಳಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು ‘ನಂಗೆ ಆಪರೇಷನ್ ಆಗಿದೆ’ ಎಂದರೆ ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಉಳಿದ ಆಪರೇಷನ್ನುಗಳಿಗೆಲ್ಲ ಹೆಸರಿದೆ. ಕಣ್ಣಿನ ಆಪರೇಷನ್, ಅಪೆಂಡಿಕ್ಸ್ ಆಪರೇಷನ್, ಹರ್ನಿಯಾ ಆಪರೇಷನ್ ಎಂದು ಬಿಡಿಸಿ ಹೇಳುತ್ತಾರೆ. ಹೆಸರಿಲ್ಲದ ಬರೀ ‘ಆಪರೇಷನ್’ ಎಂದರೆ ಮಕ್ಕಳಾಗದಂತೆ ಮಾಡಿಸಿಕೊಂಡದ್ದು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಎಲ್ಲ ಶಸ್ತ್ರಚಿಕಿತ್ಸೆಗೂ ಸಲ್ಲುವ ಒಂದು ಮಾತು ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಿಗೆ ಬರುವ ಹೊತ್ತಿಗೆ ಒಂದೇ ಶಸ್ತ್ರಚಿಕಿತ್ಸೆಗೆ ಅಂಟಿಕೊಂಡುಬಿಟ್ಟಿದೆ. ಈ ಅಂಟಿನ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಸರ್ಕಾರಿ ಚರಿತ್ರೆಯಿದೆ.

ಇದು ಬಹಳ ಮಾಮೂಲಿ ಆಪರೇಷನ್. ಸ್ವಲ್ಪ ಹೊತ್ತಿನ ಕೆಲಸ, ನಾಲ್ಕು ದಿನಕ್ಕೆ ಎದ್ದು ಓಡಾಡಬಹುದು ಎಂದು ನರ್ಸುಗಳೂ ಹೇಳುತ್ತಾರೆ, ನೆರೆಮನೆಯವರೂ ಹೇಳುತ್ತಾರೆ. ಬಹುಪಾಲು ಹೆಂಗಸರಿಗೆ ಅದು ಹಾಗೆಯೇ ಆಗುತ್ತದೆ. ಕೆಲವರಿಗೆ ಹಾಗಾಗುವುದಿಲ್ಲ. ಮೂರನೇ ದಿನ ಜ್ವರ ಬರುತ್ತದೆ, ಹೊಲಿಗೆಯಲ್ಲಿ ಕೀವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ನಂಜೇರುತ್ತದೆ. ಮೇಜಿನ ಮೇಲೆ ಎಷ್ಟು ಜನ ಮಲಗಿದರು ಎಂಬ ಲೆಕ್ಕ ಸರ್ಕಾರದ ಹತ್ತಿರ ಚಾಚೂತಪ್ಪದೆ ಇದೆ. ಮನೆಗೆ ಹೋದ ಮೇಲೆ ಅವರಿಗೇನಾಯಿತು ಎಂಬ ಲೆಕ್ಕ ಅಷ್ಟೇ ಶ್ರದ್ಧೆಯಿಂದ ಇಟ್ಟದ್ದು ಕಡಿಮೆ. ಆ ನಂತರದ ದಿನಗಳಿಗೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಈ ಚರಿತ್ರೆಯನ್ನು ನಾವಿಲ್ಲಿ ನೋಡುತ್ತಿದ್ದೇವೆ.

ಒಸ್ಸಾನನ ಕತ್ತಿ

ಆಸ್ಪತ್ರೆಗಳು ಬರುವ ಮೊದಲೂ ಈ ಬೆಟ್ಟಗಳಲ್ಲಿ ಕತ್ತಿ ಹಿಡಿದು ಮೈ ಕುಯ್ಯುವವರು ಇದ್ದರು. ಕುರು ಒಡೆಯುವವರು, ಮುಳ್ಳು ತೆಗೆಯುವವರು, ಮೂಳೆ ಕೂರಿಸುವವರು ಎಲ್ಲ ಜಾತಿಗಳಲ್ಲೂ ಇದ್ದರು. ಘಟ್ಟದ ಕೆಳಗಿನಿಂದ ವ್ಯಾಪಾರಕ್ಕೂ ತೋಟದ ಕೆಲಸಕ್ಕೂ ಹತ್ತಿಬಂದ ಮುಸ್ಲಿಂ ಕುಟುಂಬಗಳಿಗೆ ಅತ್ಯಂತ ಪರಿಚಿತವಾದ ಶಸ್ತ್ರಕ್ರಿಯೆ ಎಂದರೆ ಗಂಡುಮಕ್ಕಳ ಸುನ್ನತಿ. ಮಾಪಿಳ್ಳೆಯರು ಒಸ್ಸಾನ್ ಎಂದು ಕರೆಯುತ್ತಿದ್ದ ಕ್ಷೌರಿಕರು ಅದನ್ನು ಮಾಡುತ್ತಿದ್ದರು. ಅರಿವಳಿಕೆಯಿಲ್ಲ, ಕತ್ತಿಯನ್ನು ಕುದಿಸುವ ಪದ್ಧತಿಯಿಲ್ಲ. ರಕ್ತ ನಿಲ್ಲದೆ, ಗಾಯ ಕೊಳೆತು ಮಕ್ಕಳು ನರಳುವುದು ಅಪರೂಪವಾಗಿರಲಿಲ್ಲ. ಆ ಕಾಲವನ್ನು ಹೊಗಳುವ ಅಗತ್ಯವಿಲ್ಲ. ಮಗುವಿನ ಜೀವವನ್ನು ಒಸ್ಸಾನನ ಕೈಗೆ ಒಪ್ಪಿಸಿದ ಸಮಾಜವೇ ಅವನನ್ನು ಮದುವೆ ಸಂಬಂಧಕ್ಕೆ ತಕ್ಕವನಲ್ಲವೆಂದು ಕೆಳಗಿಟ್ಟಿತು ಎಂಬುದನ್ನೂ ಮರೆಯಬಾರದು.

ಆದರೆ ಆ ವ್ಯವಸ್ಥೆಯಲ್ಲಿ ಒಂದು ವಿಷಯ ಗಮನಿಸತಕ್ಕದ್ದು. ಕುಯ್ದವನು ಅದೇ ಮೊಹಲ್ಲಾದವನು, ಇಲ್ಲವೇ ಹತ್ತಿರದ ಊರಿನವನು. ಗಾಯ ಒಣಗುವವರೆಗೆ ಬಂದು ನೋಡುವುದು ಅವನ ಕೆಲಸದ ಭಾಗವಾಗಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಮಗುವಿನ ತಂದೆಗೆ ಅವನು ಮುಖಾಮುಖಿ ಉತ್ತರ ಹೇಳಬೇಕಿತ್ತು.

ಈ ಹೊಣೆಯ ವಿಚಾರವನ್ನು ಮುಸ್ಲಿಂ ವಿದ್ವಾಂಸರು ಬಹಳ ಹಿಂದೆಯೇ ಆಳವಾಗಿ ಚರ್ಚಿಸಿದ್ದಾರೆ. ಹತ್ತನೇ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾ ಬಳಿ ಬಾಳಿದ ಅಬುಲ್ ಖಾಸಿಂ ಅಝ್ಝಹ್ರಾವಿ ‘ಅತ್ತಸ್ರೀಫ್’ ಎಂಬ ಮೂವತ್ತು ಭಾಗಗಳ ವೈದ್ಯಗ್ರಂಥ ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾದ ಮೇಲೆ ಯುರೋಪಿನ ವೈದ್ಯರು ಅದನ್ನು ನೂರಾರು ವರ್ಷ ಓದಿದರು. ಈ ಭಾಗದ ಆರಂಭದಲ್ಲಿ ಅಝ್ಝಹ್ರಾವಿ ತಮ್ಮ ಕೈಚಳಕವನ್ನು ಹೇಳಿಕೊಳ್ಳುವುದಿಲ್ಲ. ಕೆಟ್ಟುಹೋದ ಆಪರೇಷನ್ನುಗಳ ಸಂಗತಿ ಹೇಳುತ್ತಾರೆ. ಹೆಂಗಸೊಬ್ಬಳ ಕುತ್ತಿಗೆಯ ಗಂಟನ್ನು ತೆಗೆಯಹೋದ ಅರೆತಿಳಿವಿನ ವೈದ್ಯ ರಕ್ತನಾಳ ಕುಯ್ದು ಅವಳು ಅವನೆದುರಿಗೇ ಸತ್ತಳು. ಮುದುಕನೊಬ್ಬನ ಮೂತ್ರಕೋಶದ ಕಲ್ಲನ್ನು ಕಿತ್ತ ಇನ್ನೊಬ್ಬ ವೈದ್ಯ ಕಲ್ಲಿನ ಜೊತೆ ಮೂತ್ರಕೋಶದ ಚೂರನ್ನೂ ಕಿತ್ತ. ಮುದುಕ ಮೂರು ದಿನಗಳ ಸುಮಾರಿಗೆ ತೀರಿಕೊಂಡ. ಶಸ್ತ್ರವಿದ್ಯೆ ಕಲಿಯಬಯಸುವವರು ಮೊದಲು ಇವನ್ನು ತಿಳಿದಿರಬೇಕು ಎಂಬುದು ಅವರ ನಿಲುವು.

ವೈದ್ಯ ತಿಳಿಯದೆ ವೈದ್ಯ ಮಾಡಿದವನು ಹಾನಿಗೆ ಹೊಣೆಗಾರನಾಗುತ್ತಾನೆ ಎಂಬ ಅರ್ಥದ ಪ್ರವಾದಿವಚನವೊಂದು ಅಬೂ ದಾವೂದ್ ಮುಂತಾದ ಹದೀಸ್ ಸಂಗ್ರಹಗಳಲ್ಲಿದೆ. ಅಲ್ಲಿ ಹೊಣೆಗಾರ ಎಂಬುದಕ್ಕೆ ಬಳಸಿರುವ ಅರಬಿ ಮಾತು ‘ದಾಮಿನ್’. ಇದೇ ಮಾತು ಪಾರ್ಸಿಯ ಮೂಲಕ ನಮ್ಮ ಕೋರ್ಟು ಕಚೇರಿಗೆ ಬಂದು ಕನ್ನಡದ ‘ಜಾಮೀನು’ ಆಗಿದೆ. ಹದಿನಾಲ್ಕನೇ ಶತಮಾನದ ಡಮಾಸ್ಕಸ್ಸಿನ ಇಬ್ನುಲ್ ಖಯ್ಯಿಂ ಈ ವಚನವನ್ನು ವಿವರಿಸುತ್ತಾ ಸುನ್ನತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತಾರೆ. ವಿದ್ಯೆ ಬಲ್ಲವನು, ಒಪ್ಪಿಗೆ ಪಡೆದು, ಸರಿಯಾದ ರೀತಿಯಲ್ಲಿ ಮಾಡಿಯೂ ಗಾಯ ವಿಷಮಿಸಿದರೆ ಅವನ ಮೇಲೆ ಹೊಣೆಯಿಲ್ಲ. ಬಲ್ಲವನೇ ಆದರೂ ಕೈತಪ್ಪಿ ಹೆಚ್ಚು ಕುಯ್ದರೆ ಹೊಣೆ ಬರುತ್ತದೆ. ಒಪ್ಪಿಗೆಯಿಲ್ಲದೆ ಕುಯ್ದಾಗ ಬರುವ ಹೊಣೆಯನ್ನೂ ಅವರು ಬೇರೆಯಾಗಿ ಚರ್ಚಿಸುತ್ತಾರೆ. ತೊಡಕು ಬೇರೆ, ತಪ್ಪು ಬೇರೆ, ಬಲವಂತ ಬೇರೆ ಎಂದು ಬಿಡಿಸಿ ನೋಡುವ ಈ ಕ್ರಮ ಇಂದಿಗೂ ಉಪಯೋಗಕ್ಕೆ ಬರುವಂಥದ್ದು. ಸರ್ಕಾರವೇ ಆಪರೇಷನ್ ಮಾಡಿಸತೊಡಗಿದಾಗ ಈ ಮೂರೂ ಒಂದರೊಳಗೊಂದು ಕಲಸಿಹೋದವು.

ಗುರಿ ಮತ್ತು ಕ್ಯಾಂಪು

ಮೈಸೂರು ಸಂಸ್ಥಾನ 1930ರಲ್ಲಿ ಸಂತಾನ ನಿಯಂತ್ರಣದ ಸಲಹೆ ನೀಡುವ ಸರ್ಕಾರಿ ಕ್ಲಿನಿಕ್‌ಗಳನ್ನು ತೆರೆಯಿತು. ಇವನ್ನು ಜಗತ್ತಿನಲ್ಲೇ ಸರ್ಕಾರವೊಂದು ತೆರೆದ ಮೊದಲ ಕ್ಲಿನಿಕ್‌ಗಳ ಸಾಲಿನಲ್ಲಿ ಹೇಳುತ್ತಾರೆ. ಆಗ ಕಡೂರು ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ನಮ್ಮ ಜಿಲ್ಲೆ ಅದೇ ಸಂಸ್ಥಾನದ ಭಾಗ. ಆದರೆ ಮಲೇರಿಯಾದಿಂದ ತತ್ತರಿಸುತ್ತಿದ್ದ ತೋಟಗಳ ಕೂಲಿಗಳ ಪಾಲಿಗೆ ಬೆಂಗಳೂರು, ಮೈಸೂರಿನ ಕ್ಲಿನಿಕ್‌ಗಳು ಬೇರೆ ಲೋಕದ ಮಾತು. ಅವರ ಆರೋಗ್ಯದ ವಿಚಾರ ಕಾನೂನಿನೊಳಗೆ ಬಂದದ್ದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯಿಂದ. ತೋಟದ ಮಾಲೀಕರು ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು ಅದು ಹೇಳಿತು. ಮರುವರ್ಷ, 1952ರಲ್ಲಿ, ದೇಶದ ಕುಟುಂಬ ಯೋಜನಾ ಕಾರ್ಯಕ್ರಮ ಶುರುವಾಯಿತು.

ಮೊದಮೊದಲು ಸಲಹೆಯ ರೂಪದಲ್ಲಿದ್ದ ಕಾರ್ಯಕ್ರಮ ಅರವತ್ತರ ದಶಕದಲ್ಲಿ ಗುರಿಯ ರೂಪಕ್ಕೆ ತಿರುಗಿತು. ಇಷ್ಟು ತಿಂಗಳಲ್ಲಿ ಇಷ್ಟು ಆಪರೇಷನ್ ಆಗಬೇಕು ಎಂಬ ಲೆಕ್ಕ ದೆಹಲಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಇಳಿಯಿತು. ಕೇರಳದ ಎರ್ನಾಕುಳಂನಲ್ಲಿ 1970ರ ಕೊನೆಯಲ್ಲಿ ನಡೆದ ಕ್ಯಾಂಪಿನಲ್ಲಿ ಹದಿನೈದು ಸಾವಿರ ಗಂಡಸರಿಗೆ, 1971ರ ಜುಲೈ ಕ್ಯಾಂಪಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರಿಗೆ ವಾಸೆಕ್ಟಮಿ ಮಾಡಲಾಯಿತು. ನಗದು, ಬಟ್ಟೆ, ಬಕೆಟ್ ಕೊಟ್ಟು ಜಾತ್ರೆಯಂತೆ ನಡೆಸಿದ ಈ ಕ್ಯಾಂಪು ಇಡೀ ದೇಶಕ್ಕೆ ಮಾದರಿಯಾಯಿತು. ಅದೇ ಕಾಲದಲ್ಲಿ ನೀಲಗಿರಿಯ ಕೆಲವು ಚಹಾ ತೋಟಗಳಲ್ಲಿ, ಗರ್ಭಿಣಿಯಾಗದ ಪ್ರತಿ ತಿಂಗಳಿಗೂ ಹೆಣ್ಣಾಳಿನ ಹೆಸರಿನಲ್ಲಿ ಐದು ರೂಪಾಯಿ ಜಮಾ ಮಾಡುವ ಯೋಜನೆ ನಡೆಯಿತು. ತೋಟದಲ್ಲಿ ಹಾಜರಿ ಪುಸ್ತಕವಿದೆ, ಲೈನ್‌ಮನೆಯಿದೆ, ಮೇಸ್ತ್ರಿಯಿದ್ದಾನೆ, ರೈಟರಿದ್ದಾನೆ. ಯಾರಿಗೆ ಎಷ್ಟು ಮಕ್ಕಳು ಎಂಬುದು ಎಲ್ಲರಿಗೂ ಗೊತ್ತು. ಹೀಗಾಗಿ ಗುರಿ ಮುಟ್ಟಿಸುವವರಿಗೆ ತೋಟಗಳು ಅನುಕೂಲದ ಜಾಗಗಳಾದವು.

ಕ್ಯಾಂಪು ಎಂಬ ಪದ್ಧತಿಯಲ್ಲಿಯೇ ಒಂದು ಕೊರತೆಯಿತ್ತು. ಡಾಕ್ಟರು ಬೇರೆ ಊರಿನಿಂದ ಬರುತ್ತಾರೆ, ಸಂಜೆ ಜೀಪು ಹತ್ತಿ ಹೋಗುತ್ತಾರೆ. ಆಪರೇಷನ್ ಮಾಡಿಸಿಕೊಂಡವರಲ್ಲಿ ತೊಡಕು ಕಾಣಿಸಿಕೊಳ್ಳುವುದು ಆ ಜೀಪು ಹೋದ ಮೇಲೆ.

ಚಿಕ್ಕಮಗಳೂರಿಗೆ ಬಂದ ಚುನಾವಣೆ

ತುರ್ತು ಪರಿಸ್ಥಿತಿಯ ಕಾಲದಲ್ಲಿ ಗುರಿಯ ಈ ಪದ್ಧತಿ ಬಲವಂತದ ತುದಿ ಮುಟ್ಟಿತು. ದೇಶದಲ್ಲಿ 1975-76ರಲ್ಲಿ ಇಪ್ಪತ್ತಾರು ಲಕ್ಷದಷ್ಟಿದ್ದ ಸಂತಾನಹರಣ ಆಪರೇಷನ್ನುಗಳು 1976-77ರಲ್ಲಿ ಎಂಬತ್ತು ಲಕ್ಷ ದಾಟಿದವು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಗಂಡಸರು. ಕರ್ನಾಟಕಕ್ಕೆ ಆ ವರ್ಷ ಕೊಟ್ಟ ಗುರಿ ಸುಮಾರು ಎರಡೂವರೆ ಲಕ್ಷ, ಆದದ್ದು ನಾಲ್ಕು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು. ಮೇಷ್ಟರ ಸಂಬಳ, ಗುಮಾಸ್ತರ ಬಡ್ತಿ, ಬಡವರ ರೇಷನ್ ಕಾರ್ಡು, ಸಾಲ, ಲೈಸೆನ್ಸು ಎಲ್ಲಕ್ಕೂ ‘ಕೇಸು’ ತರುವ ಷರತ್ತು ಅಂಟಿಕೊಂಡ ಕಾಲ ಅದು. ಆಪರೇಷನ್ನಿಗೆ ಕರೆತಂದ ಮನುಷ್ಯನನ್ನು ‘ಕೇಸು’ ಎಂದು ಕರೆದ ಆ ಮಾತೇ ಅವನ ಸ್ಥಾನವನ್ನು ಹೇಳುತ್ತದೆ.

ಉತ್ತರ ಭಾರತದ ಮುಸ್ಲಿಮರು ಇದರ ಕಹಿಯನ್ನು ಹೆಚ್ಚು ಉಂಡರು. ಹರಿಯಾಣದ ಮೇವ್ ಮುಸ್ಲಿಮರ ಉಟಾವರ್ ಗ್ರಾಮವನ್ನು 1976ರ ನವೆಂಬರಿನಲ್ಲಿ ಪೊಲೀಸರು ಮುಂಜಾವಿನಲ್ಲಿ ಸುತ್ತುವರಿದು ಗಂಡಸರನ್ನು ಹಿಡಿದೊಯ್ದ ಪ್ರಕರಣ ದೇಶದ ನೆನಪಿನಲ್ಲಿದೆ. ದಲಿತರೂ ಇತರ ಬಡವರೂ ಇದೇ ಪಾಡು ಪಟ್ಟರು. ದಕ್ಷಿಣದಲ್ಲಿ ಅಷ್ಟು ಕ್ರೌರ್ಯ ನಡೆಯಲಿಲ್ಲ ಎಂಬ ಮಾತಿದೆ, ಅದು ಬಹುಮಟ್ಟಿಗೆ ನಿಜ. ಆದರೆ ಗುರಿಯ ಎರಡು ಪಟ್ಟಿನ ಹತ್ತಿರಕ್ಕೆ ಹೋದ ನಮ್ಮ ರಾಜ್ಯದ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು, ಎಲ್ಲರೂ ಖುಷಿಯಿಂದ ಬಂದು ಮಲಗಿದರು ಎಂದು ಹೇಳಲು ನಾಲಿಗೆ ಏಳುವುದಿಲ್ಲ.

ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ಕೊನೆಯ ವರದಿ 1978ರ ಆಗಸ್ಟಿನಲ್ಲಿ ಬಂತು. ಸಂತಾನಹರಣ ಆಪರೇಷನ್ನಿಗೆ ಸಂಬಂಧಿಸಿದ 1,774 ಸಾವುಗಳ ದೂರು ಅದರಲ್ಲಿ ದಾಖಲಾಗಿದೆ. ವಾಸೆಕ್ಟಮಿ ಎಂಬುದು ಶಸ್ತ್ರಚಿಕಿತ್ಸೆಗಳಲ್ಲೇ ಅತಿ ಚಿಕ್ಕದು. ಕತ್ತಿ ಶುದ್ಧವಾಗಿದ್ದು, ಮೈ ಪರೀಕ್ಷೆಯಾಗಿ, ಗಾಯವನ್ನು ನೋಡಿಕೊಂಡರೆ ಅದರಿಂದ ಸಾವು ಬರುವುದು ತೀರ ಅಪರೂಪ. ಅವಸರದಲ್ಲಿ ಸಾಲಾಗಿ ಕುಯ್ದು ಮನೆಗೆ ಕಳಿಸಿದಾಗ ನಂಜು, ಧನುರ್ವಾಯು, ರಕ್ತಸ್ರಾವ ಇವೆಲ್ಲ ಬರುತ್ತವೆ. ತೀರ ಅಪರೂಪವಾಗಬೇಕಿದ್ದ ಸಾವು ಸಾವಿರದ ಲೆಕ್ಕಕ್ಕೆ ಹೋಗಿದ್ದು ಹೀಗೆ.

ಆ ವರದಿ ಬಂದು ಮೂರು ತಿಂಗಳಾಗುವ ಹೊತ್ತಿಗೆ, 1978ರ ನವೆಂಬರಿನಲ್ಲಿ, ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಉತ್ತರದಲ್ಲಿ ‘ನಸ್‌ಬಂದಿ’ ಎಂಬ ಒಂದು ಮಾತು ಸರ್ಕಾರವನ್ನೇ ಉರುಳಿಸುವುದರಲ್ಲಿ ಪಾಲು ಪಡೆದಿತ್ತು. ಇಲ್ಲಿ ಅದು ಅವರ ಗೆಲುವನ್ನು ತಡೆಯಲಿಲ್ಲ. ಇದಕ್ಕಾಗಿ ಕಾಫಿ ಸೀಮೆಯ ಜನರನ್ನು ಮರೆಗುಳಿಗಳೆಂದು ದೂರುವುದು ಸರಿಯಲ್ಲ. 1977ರಲ್ಲಿಯೂ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೆ ಕೊಟ್ಟಿತ್ತು. ದೇವರಾಜ ಅರಸರ ಭೂಸುಧಾರಣೆ, ಹಿಂದುಳಿದವರ ರಾಜಕಾರಣ ಇಲ್ಲಿನ ಬಡವರ ಬದುಕಿನಲ್ಲಿ ದೊಡ್ಡ ಸಂಗತಿಗಳಾಗಿದ್ದವು. ಆದರೆ ಇದರ ಫಲವಾಗಿ, ಆಪರೇಷನ್ನಿನ ನಂತರ ಏನಾಯಿತು ಎಂಬ ಪ್ರಶ್ನೆ ಉತ್ತರದಲ್ಲಿ ರಾಜಕೀಯ ಪ್ರಶ್ನೆಯಾದಂತೆ ನಮ್ಮಲ್ಲಿ ಆಗಲೇ ಇಲ್ಲ. ಅದು ಮನೆಯೊಳಗಿನ ಹಣೆಬರಹವಾಗಿ ಉಳಿಯಿತು.

ತುರ್ತು ಪರಿಸ್ಥಿತಿಯ ನಂತರ ಗಂಡಸರು ಆಪರೇಷನ್ನಿಗೆ ಬರುವುದನ್ನು ನಿಲ್ಲಿಸಿದರು. 1977-78ರಲ್ಲಿ ದೇಶದ ಒಟ್ಟು ಸಂಖ್ಯೆ ಹತ್ತು ಲಕ್ಷದ ಒಳಗೆ ಕುಸಿಯಿತು. ಗಂಡಸರ ಸಿಟ್ಟಿಗೆ ಹೆದರಿದ ಸರ್ಕಾರಗಳು ಹೆಂಗಸರ ಕಡೆಗೆ ತಿರುಗಿದವು. ಅದೇ ಹೊತ್ತಿಗೆ ಲ್ಯಾಪರೋಸ್ಕೋಪು ಬಂದು ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಾಳ ಬಿಗಿಯುವುದು ಸುಲಭವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಐವತ್ತೇಳರಷ್ಟು ಜನ ಈ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸಿನ ಆಪರೇಷನ್ ಹೊಟ್ಟೆ ತೆರೆಯದೆ ಆಗುವಂಥದ್ದು, ಹೆಂಗಸಿನದು ಹೊಟ್ಟೆಯೊಳಗೆ ಹೋಗಿ ಆಗುವಂಥದ್ದು. ಕಡಿಮೆ ಅಪಾಯದ್ದನ್ನು ಬಿಟ್ಟು ಹೆಚ್ಚು ಅಪಾಯದ್ದನ್ನು ಮಾಮೂಲಿ ಮಾಡಿಕೊಂಡೆವು. ‘ಆಪರೇಷನ್’ ಎಂಬ ಮಾತು ಹೆಂಗಸರ ಮೈಗೆ ಅಂಟಿದ ಬಗೆ ಇದು.

ಮೂರನೇ ದಿನ

ಈ ಶಸ್ತ್ರಚಿಕಿತ್ಸೆಯ ತೊಡಕುಗಳು ಯಾವಾಗ, ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದನ್ನು ತಿಳಿಯದೆ ಮುಂದಿನ ಚರ್ಚೆ ಅರ್ಥವಾಗದು. ರಕ್ತಸ್ರಾವ, ಅರಿವಳಿಕೆಯ ತೊಂದರೆ ಮೊದಲ ದಿನವೇ ಗೊತ್ತಾಗುತ್ತವೆ, ಆಗ ಡಾಕ್ಟರು ಹತ್ತಿರವಿರುತ್ತಾರೆ. ಗಾಯ ಕೀವಾಗುವುದಕ್ಕೆ ಕೆಲವು ದಿನ ಬೇಕು. ಸಲಕರಣೆ ತಾಗಿ ಕರುಳಿಗೆ ಸಣ್ಣ ಗಾಯವಾಗಿದ್ದರೆ ಅದು ಅಂದೇ ತಿಳಿಯದಿರಬಹುದು. ಎರಡು-ಮೂರು ದಿನದ ಮೇಲೆ ಜ್ವರ, ವಾಂತಿ, ಹೊಟ್ಟೆ ಉಬ್ಬರ, ತಡೆಯಲಾರದ ನೋವು ಶುರುವಾಗುತ್ತದೆ. ಆಗ ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. ಸರ್ಕಾರದ ಮಾರ್ಗಸೂಚಿ ಬರೆದವರಿಗೆ ಇದು ಗೊತ್ತು. ಆಪರೇಷನ್ ಆದವಳನ್ನು 48 ಗಂಟೆಯೊಳಗೆ ಒಮ್ಮೆ, ಏಳನೇ ದಿನ ಇನ್ನೊಮ್ಮೆ ನೋಡಬೇಕೆಂದು ಅದರಲ್ಲಿದೆ.

ಈಗ ಕಳಸದ ಕಡೆಯ ಒಂದು ಲೈನ್‌ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮೂರನೇ ದಿನವನ್ನು ನೋಡಬೇಕು. ಕಳಸದಿಂದ ಜಿಲ್ಲಾಸ್ಪತ್ರೆಯಿರುವ ಚಿಕ್ಕಮಗಳೂರಿಗೆ ಹೆಚ್ಚುಕಡಿಮೆ ತೊಂಬತ್ತು ಕಿಲೋಮೀಟರು ಘಟ್ಟದ ತಿರುವು ರಸ್ತೆ. ಮಳೆಗಾಲದಲ್ಲಿ ಭದ್ರೆ ಉಕ್ಕಿದರೆ ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತದೆ. ಮೂಡಿಗೆರೆಯವರು ಮಂಗಳೂರಿನ ಆಸ್ಪತ್ರೆಗಳಿಗೆ ಇಳಿಯುವ ಚಾರ್ಮಾಡಿ ಘಾಟಿ 2019ರ ಆಗಸ್ಟಿನ ಮಳೆಯಲ್ಲಿ ಕುಸಿದು ಮುಚ್ಚಿತ್ತು. 2008ರಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಎಷ್ಟೋ ಜೀವಗಳು ಉಳಿದಿವೆ. ಆದರೆ ಫೋನ್ ಸಿಗ್ನಲ್ ಸಿಗದ ಜಾಗದಿಂದ ಅದನ್ನು ಕರೆಯುವುದು ಹೇಗೆ? ತೋಟದ ಒಳಗಿನ ಮಣ್ಣು ರಸ್ತೆಯಿಂದ ಟಾರು ರಸ್ತೆಯವರೆಗೆ ರೋಗಿಯನ್ನು ಜೀಪಿನಲ್ಲೋ ಹೆಗಲ ಮೇಲೋ ತರಬೇಕು.

ದಾರಿಗಿಂತ ದೊಡ್ಡ ಅಡ್ಡಿ ಕೂಲಿ. ಡಿಸೆಂಬರಿನಿಂದ ಕಾಫಿ ಹಣ್ಣು ಕುಯ್ಯುವ ಕಾಲ, ಕೈತುಂಬ ಕೆಲಸವಿರುವ ಕಾಲ. ಒಂದು ದಿನ ಮನೆಯಲ್ಲಿ ಕೂತರೆ ಒಂದು ಹಾಜರಿ ಹೋಯಿತು. 1995ರಲ್ಲಿ ತಿದ್ದುಪಡಿಯಾದ ಹೆರಿಗೆ ಸವಲತ್ತು ಕಾಯಿದೆ, ಈ ಆಪರೇಷನ್ ಮಾಡಿಸಿಕೊಂಡ ಹೆಣ್ಣಾಳಿಗೆ ಎರಡು ವಾರ ಸಂಬಳ ಸಹಿತ ರಜೆ ಕೊಡಬೇಕೆಂದು ಹೇಳಿತು. ಆಪರೇಷನ್ನಿನಿಂದ ಕಾಯಿಲೆಯಾದರೆ ಇನ್ನೂ ಒಂದು ತಿಂಗಳವರೆಗೆ ರಜೆಯ ಅವಕಾಶ ಕೊಟ್ಟಿತು. ಪ್ಲಾಂಟೇಷನ್ನುಗಳೂ ಆ ಕಾಯಿದೆಯ ವ್ಯಾಪ್ತಿಯಲ್ಲಿದ್ದವು. ಸರ್ಟಿಫಿಕೇಟು ಹಿಡಿದು ರೈಟರ ಮುಂದೆ ಹೋಗಿ ಈ ರಜೆ ಪಡೆಯುವುದು ಕಾಯಂ ಆಳಿಗೆ ಸಾಧ್ಯವಿರಬಹುದು. ಕಂಟ್ರಾಕ್ಟಿನ ಮೇಲೆ ಪಿಕಪ್ ವಾಹನದಲ್ಲಿ ಬಂದು ಹೋಗುವ ಆಳಿನ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹೀಗಾಗಿ ಅವಳು ನೋವನ್ನು ಕಚ್ಚಿಕೊಂಡು ಐದನೇ ದಿನ ಬುಟ್ಟಿ ಕಟ್ಟುತ್ತಾಳೆ.

ನಮ್ಮ ಸಮುದಾಯದೊಳಗೆ ಇನ್ನೊಂದು ಅಡ್ಡಿಯೂ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶಾಶ್ವತ ಸಂತಾನಹರಣ ಸಲ್ಲುತ್ತದೆಯೇ, ಇಲ್ಲವೇ ಎಂಬ ಬಗ್ಗೆ ಉಲಮಾಗಳಲ್ಲಿ ಚರ್ಚೆಯಿದೆ. ಆ ಚರ್ಚೆ ಇಲ್ಲಿನ ವಿಷಯವಲ್ಲ. ಆದರೆ ಜಮಾಅತಿನ ಮಾತಿಗೆ, ಅತ್ತೆಯ ಮಾತಿಗೆ ಹೆದರಿ, ಹೆರಿಗೆಯ ಜೊತೆಯಲ್ಲೇ ಗುಟ್ಟಾಗಿ ಮಾಡಿಸಿಕೊಂಡ ಹೆಣ್ಣುಮಗಳು ಮೂರನೇ ದಿನ ಹೊಟ್ಟೆನೋವು ಬಂದರೆ ಯಾರಿಗೆ ಹೇಳಬೇಕು? ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಹೇಳದಿದ್ದರೆ ನಂಜು ಏರುತ್ತದೆ. ಮಸ್‌ಅಲದ ತೀರ್ಮಾನ ಏನೇ ಇರಲಿ, ನೋವನ್ನು ಹೇಳಿಕೊಳ್ಳಲಾರದ ಮನೆಯನ್ನು ಕಟ್ಟಿದ್ದು ದೀನಿನ ಸೇವೆಯಂತೂ ಅಲ್ಲ. ಜೀವ ಕಾಪಾಡುವುದು ಶರೀಅತಿನ ಮೂಲ ಉದ್ದೇಶಗಳಲ್ಲಿ ಒಂದು ಎಂಬುದನ್ನು ನಮ್ಮ ಉಲಮಾಗಳೇ ಕಲಿಸಿದ್ದಾರೆ.

ಏಳು, ಮೂವತ್ತು, ಅರವತ್ತು

ಇಂಥ ಸಾವುನೋವುಗಳು ನ್ಯಾಯಾಲಯದ ಬಾಗಿಲಿಗೆ ಬಂದದ್ದು ತಡವಾಗಿ. ವೈದ್ಯರ ಸೇವೆ ಗ್ರಾಹಕ ಕಾಯಿದೆಯ ಅಡಿಯಲ್ಲಿ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಾಗ ಎಲ್ಲರೂ ಸ್ವಾಗತಿಸಿದರು. ಆದರೆ ಎಲ್ಲರಿಗೂ ಪೂರ್ತಿ ಪುಕ್ಕಟೆಯಾಗಿ ಸೇವೆ ಕೊಡುವ ಆಸ್ಪತ್ರೆಗಳನ್ನು ಅದೇ ತೀರ್ಪು ಹೊರಗಿಟ್ಟಿತು. ದುಡ್ಡು ಕೊಟ್ಟವನಿಗೆ ಗ್ರಾಹಕ ನ್ಯಾಯಾಲಯ ಸಿಕ್ಕಿತು, ಪುಕ್ಕಟೆ ಕ್ಯಾಂಪಿನಲ್ಲಿ ಮಲಗಿದವಳಿಗೆ ಸಿವಿಲ್ ಕೋರ್ಟಿನ ಉದ್ದ ದಾರಿಯೇ ಉಳಿಯಿತು.

ಸಂತಾನಹರಣ ಆಪರೇಷನ್ನಿನ ವಿಚಾರದಲ್ಲಿ 2005ರ ರಮಾಕಾಂತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ವೈದ್ಯರ ಅರ್ಹತೆ, ಒಪ್ಪಿಗೆ ಪತ್ರ, ಸಾವುಗಳ ದಾಖಲೆ, ಪರಿಹಾರ ಇವೆಲ್ಲ ಅದರಲ್ಲಿದ್ದವು. ಹಾಗಿದ್ದೂ 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ 53 ಹೆಂಗಸರಿಗೆ ಎರಡು ಗಂಟೆಯಲ್ಲಿ ಟಾರ್ಚಿನ ಬೆಳಕಿನಲ್ಲಿ ಆಪರೇಷನ್ ಮಾಡಲಾಯಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಬ್ಬ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು, ಮನೆಗೆ ಹೋದವರಲ್ಲಿ 13 ಮಂದಿ ಸತ್ತರು. ಒಂದು ತಂಡ ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಮಾಡಬಾರದೆಂಬ ನಿಯಮ ಆಗಲೇ ಇತ್ತು. ದೇವಿಕಾ ಬಿಸ್ವಾಸ್ ಅವರು ಹೂಡಿದ ಮೊಕದ್ದಮೆಯಲ್ಲಿ 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷದೊಳಗೆ ಕ್ಯಾಂಪು ಪದ್ಧತಿಯನ್ನೇ ನಿಲ್ಲಿಸಬೇಕೆಂದು ಹೇಳಿತು. ಪರಿಹಾರದ ಮೊತ್ತ ಹೆಚ್ಚಿಸುವಂತೆಯೂ ಸೂಚಿಸಿತು.

ಈ ಪರಿಹಾರದ ಯೋಜನೆಯಲ್ಲಿರುವ ಮೂರು ಸಂಖ್ಯೆಗಳನ್ನು ಪ್ರತಿ ಮನೆಯಲ್ಲೂ ತಿಳಿದಿರಬೇಕು. ಆಸ್ಪತ್ರೆಯಲ್ಲಿ ಅಥವಾ ಮನೆಗೆ ಕಳಿಸಿದ ಏಳು ದಿನದೊಳಗೆ ಆಪರೇಷನ್ನಿನ ಕಾರಣದಿಂದ ಸಾವಾದರೆ ಪರಿಹಾರ ಹೆಚ್ಚು. ಎಂಟರಿಂದ ಮೂವತ್ತು ದಿನದೊಳಗಾದರೆ ಅದಕ್ಕಿಂತ ಕಡಿಮೆ. ಅರವತ್ತು ದಿನದವರೆಗೆ ತೊಡಕು ಕಾಣಿಸಿಕೊಂಡರೆ ಚಿಕಿತ್ಸೆಯ ಖರ್ಚನ್ನು ಮಿತಿಯೊಳಗೆ ಸರ್ಕಾರ ಕೊಡಬೇಕು. ಅಂದರೆ ಆಪರೇಷನ್ನಿನ ಹೊಣೆ ಮೇಜಿನ ಮೇಲೆ ಮುಗಿಯುವುದಿಲ್ಲ, ಅರವತ್ತನೇ ದಿನದವರೆಗೂ ಬರುತ್ತದೆ ಎಂದು ಸರ್ಕಾರವೇ ಕಾಗದದಲ್ಲಿ ಒಪ್ಪಿಕೊಂಡಿದೆ. ಹೊಲಿಗೆ ಕೀವಾಗಿ ಪೇಟೆಯ ಖಾಸಗಿ ಆಸ್ಪತ್ರೆಗೆ ಕೈಸಾಲ ಮಾಡಿ ಕಟ್ಟಿದವರಲ್ಲಿ ಈ ಅರವತ್ತರ ಲೆಕ್ಕ ಗೊತ್ತಿದ್ದವರು ಎಷ್ಟು ಮಂದಿ? ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿದ್ದರೆ ಎಷ್ಟೋ ಮನೆಗಳ ಸಾಲ ಉಳಿಯುತ್ತಿತ್ತು.

ಸಿಟ್ಟು ಮತ್ತು ಮೌನ

ಇದು ಒಂದೇ ಬಗೆಯ ಆಪರೇಷನ್ನಿನ ಸಂಗತಿಯಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಒಂದೇ ದಿನ ಪೊರೆ ತೆಗೆಸಿಕೊಂಡ 24 ಜನರಲ್ಲಿ ಹಲವರಿಗೆ ಸೋಂಕಾಗಿ, ಕೆಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಬಳಸಿದ್ದ ದ್ರವದಲ್ಲಿ ದೋಷವಿತ್ತೆಂದು ಕಂಡುಬಂತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಕೆಲವರ ಮೂತ್ರಪಿಂಡ ಕೆಲಸ ನಿಲ್ಲಿಸಿತು, ಐವರು ಸತ್ತರು. ನರಕ್ಕೆ ಏರಿಸಿದ ಗ್ಲೂಕೋಸಿನಂಥ ದ್ರವದ ಮೇಲೆ ಅನುಮಾನ ಬಂತು. ಅದನ್ನು ತಯಾರಿಸಿದ ಪಶ್ಚಿಮ ಬಂಗಾಳದ ಕಂಪನಿಯ ಮೇಲೆ ಸರ್ಕಾರ ಕ್ರಮ ಕೈಗೊಂಡು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಳಿಕ ಆ ವರ್ಷದ ತಾಯಂದಿರ ಸಾವುಗಳ ಪರಿಶೋಧನೆ ನಡೆಸಿದಾಗ, ಬಹುಪಾಲು ಸಾವುಗಳನ್ನು ತಪ್ಪಿಸಬಹುದಾಗಿತ್ತೆಂಬ ಅಂಶ ಹೊರಬಂತು. ಆ ದ್ರವ ಬಳ್ಳಾರಿಗೆ ಮಾತ್ರ ಹೋಗುವಂಥದ್ದಲ್ಲ. ರಾಜ್ಯಕ್ಕೆಲ್ಲ ಒಂದೇ ಕಡೆಯಿಂದ ಔಷಧಿ ಹಂಚುವ ವ್ಯವಸ್ಥೆಯಲ್ಲಿ ಒಂದು ಬಾಟಲಿಯ ದೋಷ ಯಾವ ತಾಲ್ಲೂಕಿಗೂ ಬರಬಹುದು.

ಈ ಎರಡು ಪ್ರಕರಣಗಳು ಹೇಳುವ ಪಾಠವೊಂದಿದೆ. ವೈದ್ಯ ಬಲ್ಲವನು, ರೋಗಿ ಒಪ್ಪಿದವಳು, ಕೈ ತಪ್ಪಿಲ್ಲ. ಆದರೂ ತೊಡಕಾಯಿತು, ಅದರ ಬೇರು ಕೈಗೆ ಸಿಕ್ಕ ಬಾಟಲಿಯಲ್ಲಿತ್ತು. ಮಿಂಟೋ ಪ್ರಕರಣದ ಸಿಟ್ಟು ಕೆಲವು ತಿಂಗಳ ಮೇಲೆ ಆಸ್ಪತ್ರೆಯ ಕಿರಿಯ ವೈದ್ಯರ ಮೇಲೆ ತಿರುಗಿ, ಅವರು ಮುಷ್ಕರ ಹೂಡುವಂತಾಯಿತು. ಡಾಕ್ಟರ ಮೇಲೆ ಕೈ ಮಾಡಿದರೆ ಬಾಟಲಿಯ ದೋಷ ಪತ್ತೆಯಾಗುವುದಿಲ್ಲ. ಹಾಗೆಯೇ ಎಲ್ಲವನ್ನೂ ‘ತಖ್ದೀರ್’ ಎಂದೋ ‘ಹಣೆಬರಹ’ ಎಂದೋ ಸುಮ್ಮನಾದರೂ ಪತ್ತೆಯಾಗುವುದಿಲ್ಲ. ಬಳ್ಳಾರಿಯಲ್ಲಿ ಲೆಕ್ಕ ಹೊರಬಂದದ್ದು ಒಂದೇ ಜಾಗದಲ್ಲಿ ಒಂದೇ ವಾರ ಅಷ್ಟು ತಾಯಂದಿರು ಕುಸಿದದ್ದರಿಂದ. ಬೆಟ್ಟದ ಒಂದೊಂದು ಲೈನ್‌ಮನೆಯಲ್ಲಿ ಒಬ್ಬೊಬ್ಬಳು ಬೇರೆ ಬೇರೆ ತಿಂಗಳಲ್ಲಿ ನರಳಿದರೆ ಅದು ಯಾರ ಕಣ್ಣಿಗೂ ಬೀಳದು.

ಶಸ್ತ್ರಚಿಕಿತ್ಸೆಯಲ್ಲಿ ಅಪಾಯವನ್ನು ಸೊನ್ನೆ ಮಾಡಲಾಗದು, ಆದರೆ ಬಹಳಷ್ಟು ಇಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪುಟದ ಪಟ್ಟಿಯೊಂದನ್ನು ಹೊರತಂದಿತು. ರೋಗಿಯ ಹೆಸರೇನು, ಯಾವ ಆಪರೇಷನ್, ಔಷಧಿ ಕೊಟ್ಟಾಯಿತೇ, ಹತ್ತಿ-ಸಲಕರಣೆಗಳ ಎಣಿಕೆ ಸರಿಯಿದೆಯೇ ಎಂದು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಪಟ್ಟಿ ಅದು. ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ದೊಡ್ಡ ತೊಡಕುಗಳು ನೂರಕ್ಕೆ 11ರಿಂದ 7ಕ್ಕೆ ಇಳಿದವು, ಸಾವು 1.5ರಿಂದ 0.8ಕ್ಕೆ ಇಳಿಯಿತು. ದುಬಾರಿ ಯಂತ್ರವೇನೂ ಬೇಕಾಗಲಿಲ್ಲ, ಒಂದು ಹಾಳೆ ಮತ್ತು ಓದುವ ಶಿಸ್ತು ಸಾಕಾಯಿತು. ಆಪರೇಷನ್ ಕೋಣೆಯ ಒಳಗೆ ಇರುವ ಈ ಹಾಳೆಯಂಥದ್ದೇ ಇನ್ನೊಂದು ಹಾಳೆ ಲೈನ್‌ಮನೆಯ ಬಾಗಿಲಿಗೂ ಬರಬೇಕು. ಜ್ವರ, ಉಬ್ಬರ, ಕೀವು, ನಿಲ್ಲದ ರಕ್ತ ಇವುಗಳಲ್ಲಿ ಯಾವುದು ಕಂಡರೆ ಕಾಯಬಾರದು ಎಂಬುದು ಅದರಲ್ಲಿರಬೇಕು. ಆಶಾ ಕಾರ್ಯಕರ್ತೆ ಏಳನೇ ದಿನ ಬಂದು ನೋಡಿದ ಗುರುತು ಇರಬೇಕು. ತೋಟದ ರೈಟರಿಗೆ ಎರಡು ವಾರದ ರಜೆಯ ಮಾತು ಗೊತ್ತಿರಬೇಕು. ಜಮಾಅತುಗಳು ಹಬ್ಬದ ಮೈದಾನಕ್ಕೆ, ಮಯ್ಯತ್ತಿನ ಸಾಮಾನಿಗೆ ಚಂದಾ ಎತ್ತುವಂತೆ, ಮಳೆಗಾಲದ ರಾತ್ರಿ ರೋಗಿಯನ್ನು ಘಟ್ಟ ಇಳಿಸುವ ಒಂದು ಜೀಪಿನ ವ್ಯವಸ್ಥೆಯನ್ನೂ ಇಟ್ಟುಕೊಳ್ಳಬಹುದು. ಅದಕ್ಕೆ ಜಾತಿ ಧರ್ಮದ ಲೆಕ್ಕ ಬೇಕಿಲ್ಲ.

ಹಳೆಯ ಒಸ್ಸಾನನ ಕೈಯಲ್ಲಿ ವಿದ್ಯೆ ಕಡಿಮೆಯಿತ್ತು, ಜಾಮೀನು ಇತ್ತು. ನಮ್ಮ ಕಾಲದ ಆಸ್ಪತ್ರೆಯಲ್ಲಿ ವಿದ್ಯೆ ಹೇರಳವಾಗಿದೆ. ಜಾಮೀನು ಮಾತ್ರ ಡಾಕ್ಟರು, ಔಷಧ ಕಂಪನಿ, ಇಲಾಖೆ, ತೋಟದ ಮಾಲೀಕರ ನಡುವೆ ಹಂಚಿಹೋಗಿ ಯಾರ ಕೈಯಲ್ಲೂ ನಿಲ್ಲುತ್ತಿಲ್ಲ. ಅರವತ್ತು ದಿನಗಳ ಹೊಣೆ ಕಾಗದದಲ್ಲಿ ಈಗಾಗಲೇ ಬರೆದಾಗಿದೆ. ಅದನ್ನು ಕೇಳಿ ಪಡೆಯುವುದನ್ನು ಹೆಂಗಸರಿಗೆ ಕಲಿಸುವುದು, ಅವರು ಕೇಳಿದಾಗ ಪಕ್ಕದಲ್ಲಿ ನಿಲ್ಲುವುದು ನಮ್ಮ ಪಾಲಿಗೆ ಬಂದಿರುವ ಕೆಲಸ.